ಮುಧೋಳ ನಾಯಿಯನ್ನು ಸಾಕುವ ಮುನ್ನ
ತೆರೆಯ ಮೇಲೆ ನೀವೀಗ ನೋಡುತ್ತಿರುವ ಈ ಕೃಶಕಾಯದ, ನೀಳಮುಖದ ಶ್ವಾನವು, ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತು, 2005ರಲ್ಲಿ ಭಾರತದ ಅಂಚೆಚೀಟಿಯಲ್ಲಿಯೂ ಸ್ಥಾನ ಪಡೆದು, ವಾಸನೆಗಿಂತ ಮಿಗಿಲಾಗಿ ದೃಷ್ಟಿಯನ್ನೇ ನೆಚ್ಚಿ ಬಯಲಿನಲ್ಲಿ ಮೊಲವನ್ನು ಬೆನ್ನಟ್ಟುತ್ತ ತಲೆಮಾರುಗಳಿಂದ ಬೆಳೆದುಬಂದ ಜಾತಿಯಾದುದರಿಂದ, ಓಟವು ಅದರ ಪ್ರಾಣಧರ್ಮ. ಅದನ್ನು ಮಹಡಿಮನೆಯ ಮೂಲೆಯಲ್ಲಿ ದಿನವೆಲ್ಲ ಸರಪಳಿಯಿಂದ ಬಿಗಿದಿಡುವುದು, ನನ್ನ ದೃಷ್ಟಿಯಲ್ಲಿ, ಕ್ರೌರ್ಯವೇ ಸರಿ. ಪಕ್ಕೆಲುಬು ತುಸು ಕಾಣುವುದು ಅದಕ್ಕೆ ಸಹಜಲಕ್ಷಣವೆಂದರಿತು, ಮರುಕದಿಂದ ಅತಿಯಾಗಿ ಉಣಿಸಿ ಕೊಬ್ಬಿಸದಿರಬೇಕು. ಮರಿಯನ್ನು ಎಂಟು ವಾರ ತುಂಬುವ ಮುನ್ನ ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ತರುವಾಯ ಪಶುವೈದ್ಯರು ಹೇಳಿದಂತೆ. ನಿತ್ಯವೂ ಅದನ್ನು ಓಡಿಸಲು ಬಯಲೂ ಬಿಡುವೂ ನಿಮಗಿವೆಯೇ ಎಂದು ಕೊಳ್ಳುವ ಮುನ್ನವೇ ದಯವಿಟ್ಟು ವಿಚಾರಮಾಡಿರಿ. ಇಲ್ಲವಾದರೆ, ಬೀದಿಯ ಅನಾಥ ಮರಿಯೊಂದಕ್ಕೆ ಆಶ್ರಯವನ್ನೀಯಿರಿ.