ಕಡಿದವನಿಗಷ್ಟೇ ಕಾಸು

ಹಳೆಯ ಮರ ಕಡಿಯುವುದು ದೊಡ್ಡದಲ್ಲ, ಹೊಸ ಗಿಡ ಹಾಲು ಕೊಡುವವರೆಗೆ ಆರೇಳು ವರ್ಷ ಮನೆ ನಡೆಸುವುದೇ ದೊಡ್ಡದು. ಈ ಮಾತು ಸುಳ್ಯ ಸೀಮೆಯ ರಬ್ಬರ್ ಬೆಳೆಗಾರರಿಗೆ ಹೊಸತಲ್ಲ. ಎರಡನೆಯ ಮಹಾಯುದ್ಧದ ನಂತರ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಲಯಾದ (ಇಂದಿನ ಮಲೇಷ್ಯಾದ ಭಾಗ) ರಬ್ಬರ್ ಉದ್ಯಮವೂ ಇದೇ ಇಕ್ಕಟ್ಟಿನಲ್ಲಿತ್ತು.

1941ರ ಡಿಸೆಂಬರ್ 8ರಂದು ಜಪಾನಿ ಸೇನೆ ಮಲಯಾದ ಕೋಟ ಬಾರುವಿನಲ್ಲಿ ಇಳಿಯಿತು. ಎರಡೂವರೆ ತಿಂಗಳೊಳಗೆ ಸಿಂಗಪುರವೂ ಬಿತ್ತು. ರಬ್ಬರ್ ಕೊಳ್ಳುತ್ತಿದ್ದ ಅಮೆರಿಕ, ಬ್ರಿಟನ್ನಿನ ದಾರಿ ಮುಚ್ಚಿತು. ಅಕ್ಕಿ ಸಿಗದೆ ಜನ ಮರಗೆಣಸು ತಿಂದು ಬದುಕಿದರು. ತೋಟಗಳಲ್ಲಿದ್ದ ಸಾವಿರಾರು ತಮಿಳು ಕೂಲಿಕಾರರನ್ನು ಸಯಾಮ್-ಬರ್ಮಾ ರೈಲುಮಾರ್ಗದ ಕೆಲಸಕ್ಕೆ ಸಾಗಿಸಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಮರಳಲಿಲ್ಲ.

1945ರಲ್ಲಿ ಬ್ರಿಟಿಷರು ಹಿಂದಿರುಗಿದಾಗ ಬಹುಪಾಲು ತೋಟಗಳು ನಿಂತೇ ಇದ್ದವು. ಆದರೆ ಮರಗಳಿಗೆ ವಯಸ್ಸಾಗಿತ್ತು. ಅತ್ತ ಅಮೆರಿಕ ಯುದ್ಧದ ಹೊತ್ತಿನಲ್ಲೇ ಕೃತಕ ರಬ್ಬರ್ ಕಾರ್ಖಾನೆಗಳನ್ನು ಕಟ್ಟಿಕೊಂಡಿತ್ತು. ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ಡಾಲರ್ ತರುತ್ತಿದ್ದ ಸರಕು ಮಲಯಾದ ರಬ್ಬರ್, ಅದನ್ನು ಕೈಬಿಡುವಂತಿರಲಿಲ್ಲ. 1948ರಲ್ಲಿ ಮಲಯಾದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ಶುರುವಾಗಿ ತುರ್ತು ಪರಿಸ್ಥಿತಿ ಬಂತು. 1950ರ ಕೊರಿಯಾ ಯುದ್ಧ ಬೆಲೆ ಏರಿಸಿತು, ಸ್ವಲ್ಪ ದಿನಕ್ಕೆ ಅದೂ ಇಳಿಯಿತು. ಹೆಚ್ಚು ಹಾಲು ಕೊಡುವ ಕಸಿ ತಳಿ ನೆಡುವುದೊಂದೇ ದಾರಿಯಾಗಿ ಉಳಿಯಿತು.

1952ರಲ್ಲಿ ಸರ್ಕಾರ ಮರುನಾಟಿ ನಿಧಿ ಮಾಡಿತು. ರಫ್ತಾಗುವ ಪ್ರತಿ ಪೌಂಡ್ ರಬ್ಬರಿಗೆ ನಾಲ್ಕೂವರೆ ಸೆಂಟ್ ಸೆಸ್. ನೂರು ಎಕರೆ ಮೀರಿದ ಎಸ್ಟೇಟುಗಳ ಲೆಕ್ಕ ಬೇರೆ, ಸಣ್ಣ ಹಿಡುವಳಿದಾರರ ಲೆಕ್ಕ ಬೇರೆ. ಎಸ್ಟೇಟು ಎಷ್ಟು ಬೆಳೆಯಿತೋ ಅಷ್ಟರ ಪಾಲು ಅದಕ್ಕೇ ಮರಳುತ್ತಿತ್ತು. ಸಣ್ಣವರ ಹಣ ಮಾತ್ರ ಒಂದೇ ಗಂಟಿಗೆ ಸೇರಿ, ಮರ ಕಡಿದು ಹೊಸದು ನೆಟ್ಟವರಿಗೆ ಕಂತಿನಲ್ಲಿ ಸಿಗುತ್ತಿತ್ತು.

ಎಡವಟ್ಟು ಇಲ್ಲೇ. ಐದಾರು ಎಕರೆಯವನು ನಸುಕಿನಲ್ಲೆದ್ದು, ತೊಗಟೆಗೆ ಓರೆಯಾಗಿ ಗೀರು ಹಾಕಿ, ಬಟ್ಟಲಲ್ಲಿ ಹಾಲು ಹಿಡಿದು, ಹೆಪ್ಪುಗಟ್ಟಿಸಿ, ಹಾಳೆ ಒತ್ತಿದರಷ್ಟೇ ಅವತ್ತಿನ ಊಟ. ಅರ್ಧ ತೋಟ ಕಡಿದರೆ ಅರ್ಧ ಸಂಪಾದನೆ ಹೋಯಿತು. ಹೀಗಾಗಿ ಅವನು ಕಡಿಯಲಿಲ್ಲ. ಸೆಸ್ ಮಾತ್ರ ಕಟ್ಟುತ್ತಲೇ ಹೋದ. ಅವನ ಕಾಸಿನಲ್ಲಿ ಅನುಕೂಲಸ್ಥ ನೆರೆಯವನ ತೋಟ ಹೊಸದಾಯಿತು.

ಯೋಜನೆ ಸೋಲಲಿಲ್ಲ. 1957ರಲ್ಲಿ ಸ್ವತಂತ್ರವಾದ ದೇಶ ಅದನ್ನು ಮುಂದುವರಿಸಿತು, ಇಳುವರಿಯೂ ಹೆಚ್ಚಿತು. ಆದರೆ ಸರ್ಕಾರದ ನೆರವು ಎಂದು ಹೆಸರಾದದ್ದರಲ್ಲಿ ದೊಡ್ಡ ಪಾಲು ಬೆಳೆಗಾರರದೇ ಹಣ. ಬೆಳೆಗೆ ಸಹಾಯಧನ ಘೋಷಣೆಯಾದಾಗಲೆಲ್ಲ ಎರಡು ಪ್ರಶ್ನೆ ಕೇಳಬೇಕು: ಹಣ ಯಾರದು? ಕಾಯುವ ಆರು ವರ್ಷ ಒಲೆ ಉರಿಸುವವರು ಯಾರು?