ಓರೆಯಾಗಿ ನಿಂತ ಅಕ್ಷರ

ಹಾವೇರಿ ಜಿಲ್ಲೆಯಲ್ಲಿ ಹಳೆಯ ಕನ್ನಡ ಲಿಪಿಯನ್ನು ಕಾಣಲು ಗ್ರಂಥಾಲಯಕ್ಕೇ ಹೋಗಬೇಕೆಂದಿಲ್ಲ. ಹಾನಗಲ್ಲ ಮತ್ತು ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಶಿಲಾಶಾಸನಗಳಿವೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ, ಸುಮಾರು ಕ್ರಿ.ಶ. 1200ರ ಶಾಸನವಿದೆ. ಆ ಕಾಲದ ಶಾಸನಗಳ ಅಕ್ಷರಗಳು ದುಂಡಗೆ, ನೆಟ್ಟಗೆ ನಿಂತಿವೆ. ಇಂದು ಹಾನಗಲ್ಲದಿಂದ ಸವಣೂರಿನವರೆಗೆ ಯಾವ ಪೇಟೆಗೆ ಹೋದರೂ ಫ್ಲೆಕ್ಸ್ ಫಲಕ, ಲಗ್ನಪತ್ರಿಕೆ, ಹರಾಜಿನ ಪ್ರಕಟಣೆಗಳಲ್ಲಿ ಮುಖ್ಯವಾದ ಸಾಲು ದಪ್ಪಗಾಗಿ ಬಲಕ್ಕೆ ವಾಲಿರುವುದನ್ನು ಕಾಣಬಹುದು.

ಈ ಓರೆ ಬಂದದ್ದು ಇಟಲಿಯಿಂದ. ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೊರೆದ ಓರೆ ಅಚ್ಚಿನಲ್ಲಿ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಪ್ರಕಟಿಸಿದ. ಅದಕ್ಕೆ ಮಾದರಿಯಾದದ್ದು ಅಂದಿನ ವಿದ್ವಾಂಸರ ಕೈಬರಹ. ಆದ್ದರಿಂದ ಅಲ್ಲಿ ಓರೆ ಅಕ್ಷರವೆಂದರೆ ವಾಲಿಸಿದ ನೇರ ಅಕ್ಷರವಲ್ಲ. ಬೇರೆಯಾಗಿಯೇ ಬರೆದ ರೂಪ. 1932ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ಬಳಕೆಗೆ ಬಂದ ಟೈಮ್ಸ್ ನ್ಯೂ ರೋಮನ್ ಅನ್ನು ಗಣಕಯಂತ್ರದಲ್ಲಿ ನೋಡಿ: ಇಂಗ್ಲಿಷಿನ ಸಣ್ಣ ‘ಎ’ ನೇರ ರೂಪದಲ್ಲಿ ಎರಡು ಅಂತಸ್ತಿನದು, ಓರೆ ರೂಪದಲ್ಲಿ ಒಂದೇ ಅಂತಸ್ತಿನದು. ದಪ್ಪ ಓರೆಯನ್ನೂ ಗೆರೆಯ ತುದಿಯ ಚಾಚುಗಳ ಸಮೇತ ಪ್ರತ್ಯೇಕವಾಗಿಯೇ ರಚಿಸಲಾಗಿದೆ.

ಕನ್ನಡಕ್ಕೆ ಈ ಪರಂಪರೆಯಿಲ್ಲ. ಗಣಕವು ನೇರ ಅಕ್ಷರವನ್ನೇ ತಳ್ಳಿ ವಾಲಿಸುತ್ತದೆ. ಆಗ ಮೇಲಿನ ಗುಡಿಸು ಮುಂದಿನ ಅಕ್ಷರದತ್ತ ಬಾಗುತ್ತದೆ; ಕೆಳಗಿನ ಒತ್ತಕ್ಷರ ಹಿಂದಿನ ಅಕ್ಷರದಡಿಗೆ ಜಾರುತ್ತದೆ. ಅದನ್ನೇ ದಪ್ಪಗೆ ಮಾಡಿದರೆ ಮಹಾಪ್ರಾಣವನ್ನು ಸೂಚಿಸುವ ಹೊಟ್ಟೆಯ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ. ‘ಧನ’ವು ‘ದನ’ವಾಗುತ್ತದೆ, ‘ಫಲ’ವು ‘ಪಲ’ವಾಗುತ್ತದೆ. ಲಗ್ನಪತ್ರಿಕೆಯಲ್ಲಿ ಇದು ನಗೆಗೆ ಕಾರಣವಾದರೆ ಸಾಕು. ಜಮೀನಿನ ಆಕ್ಷೇಪಣೆಗೆ ಗಡುವು ತಿಳಿಸುವ ಪ್ರಕಟಣೆಯಲ್ಲಿ, ಕಣ್ಣು ಮಂಜಾದ ರೈತನೊಬ್ಬ ತನ್ನ ಹೆಸರನ್ನೂ ಊರನ್ನೂ ಹುಡುಕುವಾಗ, ನಗುವ ಮಾತಲ್ಲ.

ಒತ್ತಿ ಹೇಳಲು ಕನ್ನಡಕ್ಕೆ ತನ್ನದೇ ಉಪಾಯಗಳಿವೆ. ‘ಇಂದು’ ಎಂಬುದನ್ನು ‘ಇಂದೇ’ ಎಂದರೆ ಸಾಕು, ಅವಧಾರಣೆಯ ಏಕಾರ ಆ ಕೆಲಸ ಮಾಡುತ್ತದೆ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆಯಿದೆ; ಶೀರ್ಷಿಕೆಗೆ ದೊಡ್ಡ ಗಾತ್ರವಿದೆ, ಸುತ್ತಲೂ ಬಿಡುವ ಖಾಲಿ ಜಾಗವಿದೆ. ನೊಟೊ ಸೆರಿಫ್ ಕನ್ನಡದಂತಹ ಉಚಿತ ಅಕ್ಷರಶೈಲಿಗಳಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಹಲವು ತೂಕಗಳಿವೆ. ಅವುಗಳಲ್ಲಿ ಸೀಳು ಮುಚ್ಚದ ಹದವನ್ನು ಆಯ್ದುಕೊಳ್ಳಬಹುದು.

ಕನ್ನಡಕ್ಕೆ ಓರೆ ಅಕ್ಷರವೇ ಬೇಡವೆಂದಲ್ಲ. ಟೈರೋ ಕನ್ನಡ ಎಂಬ ಶೈಲಿ ನೇರದೊಡನೆ ಓರೆ ರೂಪವನ್ನೂ ಒದಗಿಸಿದೆ. ನಮ್ಮ ಕೈಬರಹದಿಂದ ಇನ್ನಷ್ಟು ಓರೆ ರೂಪಗಳು ಹುಟ್ಟಲಿ. ಆದರೆ ಅದು ಕಲಾವಿದನ ಕೆಲಸ, ಗುಂಡಿಯೊಂದನ್ನು ಒತ್ತಿ ಮುಗಿಸುವುದಲ್ಲ. ಅಲ್ಲಿಯವರೆಗೆ ಸರ್ಕಾರಿ ಪ್ರಕಟಣೆ, ಪಠ್ಯಪುಸ್ತಕ ಮತ್ತು ಪ್ರಶ್ನೆಪತ್ರಿಕೆಗಳಲ್ಲಾದರೂ ಕನ್ನಡದ ಅಕ್ಷರ ನೆಟ್ಟಗೆ ನಿಲ್ಲಲಿ.