ಮೆಟ್ಟುಗತ್ತಿ ನಡುವೆಯೇ ಸವೆಯುವುದೇಕೆ?

ನಿಮ್ಮ ಮನೆಯ ಹಳೇ ಮೆಟ್ಟುಗತ್ತಿಯನ್ನು ಒಮ್ಮೆ ಪಕ್ಕದಿಂದ ನೋಡಿ. ಬುಡ ಅಗಲ, ತುದಿ ಅಗಲ, ನಡುವೆ ಮಾತ್ರ ಗುಳಿ. ಹೌದೋ ಅಲ್ಲವೋ?

ನಮ್ಮನೆಯದೂ ಹಾಗೇ ಇತ್ತು. ಬುಡದ ಹತ್ತಿರ 5 ಸೆಂ.ಮೀ. ಅಗಲ, ನಡುವೆ 3 ಸೆಂ.ಮೀ. ಕಳೆದ ಬೇಸಿಗೆಯಲ್ಲಿ ಹಲಸಿನಕಾಯಿ ಹೆಚ್ಚುವಾಗ ಕಾಯಿ ಆ ಗುಳಿಯಲ್ಲಿ ಸಿಕ್ಕಿಕೊಂಡಿತು. ಅಮ್ಮ ಜೋರಾಗಿ ಒತ್ತಿದರು. ಕಾಯಿ ಜಾರಿ ಹೆಬ್ಬೆರಳು ಕೊಯ್ದು ಮೂರು ಹೊಲಿಗೆ ಬಿತ್ತು. ಅಪ್ಪ, "ಇದನ್ನ ಗುಜರಿಗೆ ಹಾಕಿ ಹೊಸದು ತರೋಣ" ಅಂದರು. ಅಜ್ಜಿ ಒಪ್ಪಲಿಲ್ಲ. "ಕತ್ತೀದೇನು ತಪ್ಪು ಮಾರಾಯ? ಮಸೆದವರದ್ದು ತಪ್ಪು" ಅಂದರು. ಮಸೆಯುತ್ತಿದ್ದವನು ನಾನೇ!

ಗುಳಿ ಬೀಳಲು ಎರಡು ಕಾರಣ. ಮಣೆ ಮೆಟ್ಟಿ ಕೂತಾಗ ನಮ್ಮ ಕೈ ದಿನವೂ ಒಂದೇ ಎತ್ತರಕ್ಕೆ ಬರುತ್ತದೆ. ಅಡಿಕೆ ಸುಲಿಯುವ ಕತ್ತಿಯಲ್ಲಂತೂ ಸಾವಿರಾರು ಅಡಿಕೆ ಅದೇ ಜಾಗಕ್ಕೆ ತಾಗುತ್ತವೆ. ಆದ್ದರಿಂದ ನಡುವೆ ಮೊದಲು ಮೊಂಡಾಗುತ್ತದೆ. ಇದು ಚಿಕ್ಕ ಕಾರಣ. ದೊಡ್ಡ ಕಾರಣ ಮಸೆಯುವುದು. ಮೊಂಡಾದ ಕಡೆ ಮಾತ್ರ ನಾವು ಕಲ್ಲು ಉಜ್ಜುತ್ತೇವೆ. ತರಕಾರಿ ಕಬ್ಬಿಣವನ್ನು ಅಷ್ಟು ತಿನ್ನುವುದಿಲ್ಲ, ಕಲ್ಲು ತಿನ್ನುತ್ತದೆ. ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 7. ಕತ್ತಿಯ ಉಕ್ಕು ಸಾಮಾನ್ಯವಾಗಿ ಅದಕ್ಕಿಂತ ಮೆತ್ತಗೆ.

ಅಜ್ಜಿಯ ಮಾತಿನಂತೆ ಕತ್ತಿಯನ್ನು ಕುಲುಮೆಗೆ ಒಯ್ದೆವು. ಆಚಾರ್ರು ಅಂಚಿನ ಮೇಲೆ ಅರ ಆಡಿಸಿ ನೋಡಿದರು. ಅರ ಜಾರಿದರೆ ಅಲ್ಲಿ ಗಟ್ಟಿ ಉಕ್ಕು ಇದೆ, ಕಚ್ಚಿ ಪುಡಿ ಉದುರಿದರೆ ಮೆತ್ತಗಾಗಿದೆ ಎಂದರ್ಥ. ನಮ್ಮ ಕತ್ತಿಯ ನಡುವೆ ಅರ ಕಚ್ಚಿತು. ಅವರು ಅದನ್ನು ಕೆಂಪಗೆ ಕಾಯಿಸಿ, ನಡುಭಾಗವನ್ನು ಬಡಿದು ಹಿಗ್ಗಿಸಿದರು. ಇದಕ್ಕೇ ಹಣಿಸೋದು ಅನ್ನುತ್ತಾರೆ. ಮತ್ತೆ ಕಾಯಿಸಿ ಅಂಚನ್ನು ನೀರಿಗೆ ಅದ್ದಿದರು. ಉಕ್ಕು ಹೀಗೆ ತಟ್ಟನೆ ತಣಿದರೆ ಗಟ್ಟಿಯಾಗುತ್ತದೆ. ಆದರೆ ಗಾಜಿನಂತೆ ಬಿರುಸಾಗಿ ಚಕ್ಕೆ ಏಳಬಹುದು. ಅದಕ್ಕೆ ಆಮೇಲೆ ಸ್ವಲ್ಪ ಬಿಸಿ ತೋರಿಸಿ ಹದ ಮಾಡುತ್ತಾರೆ.

"ಮೋಟಾರಿನ ಸಾಣೆಗೆ ಕೊಟ್ಟಿದ್ರಾ?" ಎಂದು ಕೇಳಿದರು. ಕೊಟ್ಟಿದ್ದೆವು! ಸಾಣೆ ಹಿಡಿಯುವಾಗ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದು ತಿಳಿಯಬೇಕು. ಅಲ್ಲಿಗೆ ಹದ ಹೋಯಿತು. ಆ ಕತ್ತಿ ಬೇಗ ಮೊಂಡಾಗುತ್ತದೆ, ನಾವು ಮತ್ತೆ ಅಲ್ಲೇ ಮಸೆಯುತ್ತೇವೆ, ಗುಳಿ ಇನ್ನೂ ಆಳವಾಗುತ್ತದೆ.

ನೆನಪಿಡಬೇಕಾದ್ದು:

1. ಮೊಂಡಾದದ್ದು ನಡುವೆ ಮಾತ್ರವಾದರೂ ಬುಡದಿಂದ ತುದಿಯವರೆಗೆ ಒಂದೇ ಸಮ ಮಸೆಯಿರಿ. ದೊಡ್ಡವರು ಪಕ್ಕದಲ್ಲಿರಲಿ.

2. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿದ ಕೂಡಲೇ ತೊಳೆದು ಒರೆಸಿ. ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಅಡಿಕೆ, ಬಾಳೆಕಾಯಿಯಿಂದ ಕತ್ತಿ ಕಪ್ಪಾದರೆ ಹೆದರಬೇಡಿ. ಅದರ ಒಗರು ಕಬ್ಬಿಣದ ಜೊತೆ ಸೇರಿದ ಬಣ್ಣ ಅದು.

3. ಮಳೆಗಾಲದಲ್ಲಿ ಕೊಬ್ಬರಿ ಎಣ್ಣೆ ಸವರಿಡಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಸಾಗರ, ಹೊಸನಗರದಲ್ಲೂ ತೇವಕ್ಕೇನೂ ಕಡಿಮೆಯಿಲ್ಲ. ತುಕ್ಕು ಅಂಚಿನಲ್ಲಿ ಸಣ್ಣ ಸಣ್ಣ ತೂತು ಮಾಡುತ್ತದೆ.

4. ವರ್ಷಕ್ಕೊಮ್ಮೆ ದೊಡ್ಡವರ ಸಹಾಯದಿಂದ ಕತ್ತಿಯನ್ನು ಹಳೇ ಪೇಪರಿನ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ತಾರೀಖು ಬರೆದಿಡಿ. ಮುಂದಿನ ವರ್ಷದ ಗೆರೆಯ ಜೊತೆ ಹೋಲಿಸಿದರೆ ಎಲ್ಲಿ ಎಷ್ಟು ಸವೆದಿದೆ ಅಂತ ಗೊತ್ತಾಗುತ್ತದೆ.

ನಮ್ಮ ಕತ್ತಿಯ ಗುಳಿ ಪೂರ್ತಿ ಹೋಗಿಲ್ಲ. ಆದರೆ ಈಗ ಕಾಯಿ ಸಿಕ್ಕಿಕೊಳ್ಳುವುದಿಲ್ಲ. ಅಮ್ಮ ಅದರಲ್ಲೇ ಹೆಚ್ಚುತ್ತಾರೆ. ಮಸೆಯೋ ಕೆಲಸ ಈಗಲೂ ನನ್ನದೇ. ಅಜ್ಜಿ ಪಕ್ಕದಲ್ಲಿ ಕೂತು ನೋಡುತ್ತಾರೆ.

– 9ನೇ ತರಗತಿಯ ವಿದ್ಯಾರ್ಥಿ